ವಿಶ್ವವಿದ್ಯಾಲಯಕ್ಕೆ ಸಂಸತ್ತಿನಲ್ಲಿ ಪ್ರತ್ಯೇಕ ಸ್ಥಾನ ಏಕಿತ್ತು?

ಪ್ರಶ್ನೆ: ಪುಟ ತಿರುವುವವ

ಮಾನ್ಯರೇ,

ಐಸಾಕ್ ನ್ಯೂಟನ್ ಅವರ ಬದುಕಿನ ಬಗ್ಗೆ ಓದುತ್ತಿದ್ದಾಗ, ಅವರು 1689ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಇಂಗ್ಲೆಂಡಿನ ಸಂಸತ್ತಿಗೆ ಆಯ್ಕೆಯಾಗಿದ್ದರು ಎಂಬ ಸಾಲು ಕಣ್ಣಿಗೆ ಬಿತ್ತು. ಕೇಂಬ್ರಿಜ್ ಪಟ್ಟಣದ ಪ್ರತಿನಿಧಿ ಎಂದು ಬರೆಯುವ ಬದಲು ಲೇಖಕರು ಕೈತಪ್ಪಿ ಹೀಗೆ ಬರೆದಿರಬೇಕೆಂದು ಮೊದಲು ಭಾವಿಸಿದ್ದೆ. ಹುಡುಕಿ ನೋಡಿದಾಗ ಪಟ್ಟಣಕ್ಕೆ ಬೇರೆಯೇ ಸದಸ್ಯರಿದ್ದರೆಂದೂ, ವಿಶ್ವವಿದ್ಯಾಲಯಕ್ಕೆಂದೇ ಪ್ರತ್ಯೇಕ ಸ್ಥಾನಗಳಿದ್ದವೆಂದೂ ತಿಳಿಯಿತು. ನ್ಯೂಟನ್ ಸದನದಲ್ಲಿ ಒಮ್ಮೆ ಮಾತ್ರ ಬಾಯಿ ತೆರೆದರಂತೆ, ಅದೂ ಕಿಟಕಿ ಮುಚ್ಚಿರೆಂದು ಹೇಳಲು ಎಂಬ ಕಥೆಯನ್ನೂ ಅಲ್ಲೇ ಓದಿದೆ.

ಒಂದು ಊರಿಗೋ ಜಿಲ್ಲೆಗೋ ಸಂಸತ್ತಿನಲ್ಲಿ ಸ್ಥಾನವಿರುವುದು ಅರ್ಥವಾಗುತ್ತದೆ. ಆದರೆ ಒಂದು ವಿದ್ಯಾಸಂಸ್ಥೆಗೆ ಅದು ಹೇಗೆ ದೊರೆಯಿತು? ಮತ ಹಾಕುತ್ತಿದ್ದವರು ವಿದ್ಯಾರ್ಥಿಗಳೇ, ಅಧ್ಯಾಪಕರೇ, ಇಲ್ಲವೇ ಓದು ಮುಗಿಸಿ ಹೋದವರೇ? ಆ ಪದ್ಧತಿ ಯಾವಾಗ, ಏಕೆ ನಿಂತಿತು? ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಗಳು ಅದೇ ಬೇರಿನಿಂದ ಚಿಗುರಿದವೇ? ಬಲ್ಲವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.

ಉತ್ತರ 1: ಕಡತದ ಹುಳು

ಕಿಟಕಿಯ ಕಥೆಗೆ ಆಧಾರವಿಲ್ಲ. ಕೇಳಲು ಸೊಗಸಾಗಿದೆ ಎಂಬ ಕಾರಣಕ್ಕೇ ಅದು ಇಷ್ಟು ಕಾಲ ಉಳಿದುಕೊಂಡಿದೆ. ಆದರೆ ನ್ಯೂಟನ್ ಅವರ ಉದಾಹರಣೆ ತಮ್ಮ ಮೊದಲ ಪ್ರಶ್ನೆಗೆ ಒಳ್ಳೆಯ ಬಾಗಿಲು.

ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳಿಗೆ ತಲಾ ಎರಡು ಸ್ಥಾನಗಳನ್ನು ಕೊಟ್ಟವನು ಒಂದನೆಯ ಜೇಮ್ಸ್ ದೊರೆ. ಪಟ್ಟಕ್ಕೆ ಬಂದ ವರ್ಷವೇ, ಅಂದರೆ 1603ರಲ್ಲಿ, ರಾಜಸನ್ನದಿನ ಮೂಲಕ ಕೊಟ್ಟನು. ಹತ್ತು ವರ್ಷಗಳ ನಂತರ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೂ ಐರ್ಲೆಂಡಿನ ಸಂಸತ್ತಿನಲ್ಲಿ ಎರಡು ಸ್ಥಾನಗಳು ದೊರೆತವು. ಇಲ್ಲಿ ನಾವು ಇಂದಿನ ಕಣ್ಣಿನಿಂದ ನೋಡಿ ಎಡವುವುದುಂಟು: ವಿದ್ಯಾವಂತರಿಗೆ ಹೆಚ್ಚಿನ ದನಿ ಇರಲಿ ಎಂಬುದು ಆ ಸನ್ನದಿನ ಉದ್ದೇಶವಾಗಿರಲಿಲ್ಲ. ಆ ಕಾಲದಲ್ಲಿ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಪ್ರಾತಿನಿಧ್ಯ ಇದ್ದದ್ದು ವ್ಯಕ್ತಿಗಳಿಗಲ್ಲ, ಸಮುದಾಯಗಳಿಗೆ. ಜಿಲ್ಲೆಗೆ, ಸನ್ನದು ಪಡೆದ ಪಟ್ಟಣಕ್ಕೆ. ವಿಶ್ವವಿದ್ಯಾಲಯವೂ ತನ್ನದೇ ಆಸ್ತಿ, ತನ್ನದೇ ನ್ಯಾಯಾಲಯ, ತನ್ನದೇ ಕಟ್ಟಳೆಗಳಿದ್ದ ಒಂದು ಸಮುದಾಯವಾಗಿತ್ತು. ಸಂಸತ್ತು ಮಾಡುವ ಕಾನೂನುಗಳು ಕಾಲೇಜುಗಳ ಜಮೀನು, ಗೇಣಿ, ನೇಮಕಾತಿಗಳನ್ನು ಮುಟ್ಟುತ್ತಿದ್ದವು. ಹೀಗಿರುವಾಗ ಆ ಸಮುದಾಯದ ನಿಜಸ್ಥಿತಿಯನ್ನು ಸದನಕ್ಕೆ ತಿಳಿಸಲು ಅದರೊಳಗಿನವರೇ ಇಬ್ಬರು ಅಲ್ಲಿರಲಿ ಎಂಬುದು ಅಂದಿನ ತರ್ಕ. ಒಟ್ಟಿನಲ್ಲಿ ಆ ಸದಸ್ಯರು ವಿಶ್ವವಿದ್ಯಾಲಯದ ವಕೀಲರು.

ನ್ಯೂಟನ್ ಮಾಡಿದ್ದೂ ವಕೀಲಿಕೆಯನ್ನೇ. 1687ರಲ್ಲಿ ಎರಡನೆಯ ಜೇಮ್ಸ್ ದೊರೆಯು ಒಬ್ಬ ಕ್ಯಾಥೊಲಿಕ್ ಸಂನ್ಯಾಸಿಗೆ ಪ್ರಮಾಣವಚನವಿಲ್ಲದೆಯೇ ಪದವಿ ಕೊಡಬೇಕೆಂದು ಕೇಂಬ್ರಿಜ್‌ಗೆ ಆಜ್ಞೆ ಮಾಡಿದಾಗ, ಅದನ್ನು ಒಪ್ಪದೆ ವಿಚಾರಣೆಗೆ ಹೋಗಿ ನಿಂತ ವಿಶ್ವವಿದ್ಯಾಲಯದ ಪ್ರತಿನಿಧಿಗಳಲ್ಲಿ ನ್ಯೂಟನ್ ಒಬ್ಬರು. ಎರಡು ವರ್ಷ ಕಳೆದು ದೊರೆ ಓಡಿಹೋದ ಮೇಲೆ ಅದೇ ವಿಶ್ವವಿದ್ಯಾಲಯ ಅವರನ್ನು ಸಂಸತ್ತಿಗೆ ಕಳುಹಿಸಿತು. ಅಲ್ಲಿಂದ ಅವರು ಕುಲಪತಿಗಳ ಕೆಳಗಿನ ಆಡಳಿತಾಧಿಕಾರಿಗೆ ಪತ್ರಗಳನ್ನು ಬರೆದು, ಹೊಸ ಅರಸರಿಗೆ ಸಲ್ಲಿಸಬೇಕಾದ ನಿಷ್ಠೆಯ ಪ್ರಮಾಣದ ವಿಷಯದಲ್ಲಿ ಅಳುಕುತ್ತಿದ್ದ ಅಧ್ಯಾಪಕರಿಗೆ ಹೇಗೆ ಸಮಾಧಾನ ಹೇಳಬೇಕೆಂದು ತಿಳಿಸುತ್ತಿದ್ದರು. ಸದನದಲ್ಲಿ ಮಾತನಾಡಲಿಲ್ಲವೆಂದು ನಗುವವರು ಈ ಪತ್ರಗಳನ್ನು ಮರೆಯುತ್ತಾರೆ.

ಮತದಾರರ ವಿಷಯ. ಓದುತ್ತಿದ್ದ ವಿದ್ಯಾರ್ಥಿಗಳಿಗೆ ಮತವಿರಲಿಲ್ಲ; ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಬರಿಯ ಬಿ.ಎ. ಆದವರಿಗೂ 1918ರವರೆಗೆ ಇರಲಿಲ್ಲ. ಎಂ.ಎ. ಅಥವಾ ಡಾಕ್ಟರ್ ಪದವಿ ಪಡೆದು, ವರ್ಷವರ್ಷ ಶುಲ್ಕ ಕಟ್ಟಿ ಕಾಲೇಜಿನ ದಫ್ತರದಲ್ಲಿ ಹೆಸರು ಉಳಿಸಿಕೊಂಡವರಿಗೆ ಮಾತ್ರ ಆ ಹಕ್ಕು. ಆ ಪದವಿಗಳಾದರೂ ಯಾರಿಗೆ ಸಿಗುತ್ತಿದ್ದವು? ಇಂಗ್ಲೆಂಡಿನ ಚರ್ಚಿನ ಮೂವತ್ತೊಂಬತ್ತು ನಿಯಮಗಳಿಗೆ ಸಮ್ಮತಿ ಸೂಚಿಸದವರಿಗೆ ಆಕ್ಸ್‌ಫರ್ಡ್‌ನಲ್ಲಿ 1854ರವರೆಗೆ ಬಿ.ಎ. ಪದವಿಯೂ ಇರಲಿಲ್ಲ, ಎಂ.ಎ.ಗೆ ಇದ್ದ ಧಾರ್ಮಿಕ ಅಡ್ಡಿ ಪೂರ್ತಿ ಹೋದದ್ದು 1871ರಲ್ಲಿ. ಹಾಗಾಗಿ ಪದವೀಧರರ ಮತ ಎಂದರೆ ಬಹುಮಟ್ಟಿಗೆ ಹಳ್ಳಿಹಳ್ಳಿಗಳಲ್ಲಿ ಚದುರಿಹೋಗಿದ್ದ ಪಾದ್ರಿಗಳ ಮತವಾಗಿತ್ತು.

ಇದನ್ನು ಕಲಿಯಲು ರಾಬರ್ಟ್ ಪೀಲ್ ದೊಡ್ಡ ಬೆಲೆ ತೆತ್ತರು. ಆಕ್ಸ್‌ಫರ್ಡ್‌ನ ಪ್ರತಿನಿಧಿಯೂ ಗೃಹ ಸಚಿವರೂ ಆಗಿದ್ದ ಅವರು, ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆಯುವ ಕಾನೂನಿಗೆ ಬಹುಕಾಲ ವಿರೋಧವಾಗಿದ್ದು, ಕೊನೆಗೆ ಐರ್ಲೆಂಡಿನ ಪರಿಸ್ಥಿತಿ ಕಂಡು ಮನಸ್ಸು ಬದಲಿಸಿದರು. ತಮ್ಮ ಮತದಾರರು ತಮ್ಮನ್ನು ಕಳುಹಿಸಿದ್ದು ಇದಕ್ಕಲ್ಲವೆಂದು ತಾವೇ ರಾಜೀನಾಮೆ ಕೊಟ್ಟು, 1829ರ ಉಪಚುನಾವಣೆಯಲ್ಲಿ ಮರಳಿ ಮತ ಕೇಳಿದರು. ರಾಬರ್ಟ್ ಇಂಗ್ಲಿಸ್ ಅವರಿಗೆ 755 ಮತಗಳು ಬಂದರೆ ಪೀಲ್ ಅವರಿಗೆ 609. ಅವರೇ ಓದಿದ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ, ಊಟದ ಹಜಾರಕ್ಕೆ ಏರುವ ಮೆಟ್ಟಿಲುಗಳ ಬುಡದ ಬಾಗಿಲಿನ ಮೇಲೆ ‘ಪೀಲ್ ಬೇಡ’ ಎಂದು ಮೊಳೆಗಳಿಂದ ಬಡಿದು ಮೂಡಿಸಿದ ಅಕ್ಷರಗಳು ಇಂದಿಗೂ ಇವೆ. ಎರಡೇ ವರ್ಷಗಳ ನಂತರ ಕೇಂಬ್ರಿಜ್ ಕೂಡ ಚುನಾವಣಾ ಸುಧಾರಣೆಯನ್ನು ಬೆಂಬಲಿಸಿದ ಪಾಮರ್‌ಸ್ಟನ್ ಅವರನ್ನು, ಇಪ್ಪತ್ತು ವರ್ಷ ಪ್ರತಿನಿಧಿಯಾಗಿ ಇಟ್ಟುಕೊಂಡ ಮೇಲೆ, ಮನೆಗೆ ಕಳುಹಿಸಿತು.

ಮೂರನೆಯ ಸರದಿ ಗ್ಲಾಡ್‌ಸ್ಟನ್ ಅವರದು. 1847ರಿಂದ ಆಕ್ಸ್‌ಫರ್ಡ್‌ನ ಪ್ರತಿನಿಧಿಯಾಗಿದ್ದ ಅವರು ವರ್ಷಗಳುರುಳಿದಂತೆ ಉದಾರವಾದಿಗಳ ಕಡೆಗೆ ಸರಿಯುತ್ತಿದ್ದರು. ಅಷ್ಟರಲ್ಲಿ 1861ರ ಕಾನೂನೊಂದು ಬಂದು, ವಿಶ್ವವಿದ್ಯಾಲಯದ ಮತದಾರರು ಖುದ್ದಾಗಿ ಬರಬೇಕಿಲ್ಲ, ತಮ್ಮ ಊರಿನ ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಮತಪತ್ರಕ್ಕೆ ಸಹಿ ಮಾಡಿ ಕಳುಹಿಸಿದರೆ ಸಾಕು ಎಂದಾಯಿತು. ದೂರದ ಪಾದ್ರಿಗೆ ಪ್ರಯಾಣದ ಖರ್ಚು ಉಳಿಯಿತು. 1865ರಲ್ಲಿ ಗ್ಲಾಡ್‌ಸ್ಟನ್ ಸೋತರು. ಕೂಡಲೇ ದಕ್ಷಿಣ ಲ್ಯಾಂಕಶೈರಿಗೆ ಹೋಗಿ, ಮ್ಯಾಂಚೆಸ್ಟರಿನ ಸಭೆಯಲ್ಲಿ, ಬಾಯಿಗೆ ಕಟ್ಟಿದ್ದ ಕುಕ್ಕೆ ಕಳಚಿ ನಿಮ್ಮ ನಡುವೆ ಬಂದಿದ್ದೇನೆ ಎಂಬರ್ಥದ ಮಾತನಾಡಿ ಅಲ್ಲಿಂದ ಗೆದ್ದರು. ಮೂರು ವರ್ಷಗಳಲ್ಲಿ ಪ್ರಧಾನಿಯಾದರು. ಒಂದು ಸಣ್ಣ ಸಂಗತಿ: 1872ರಲ್ಲಿ ಗುಪ್ತ ಮತದಾನದ ಕಾನೂನು ಬಂದಾಗಲೂ ವಿಶ್ವವಿದ್ಯಾಲಯಗಳನ್ನು ಅದರಿಂದ ಹೊರಗಿಟ್ಟರು; ಅಲ್ಲಿ ಸಹಿ ಹಾಕಿದ ಬಹಿರಂಗ ಮತವೇ ಮುಂದುವರಿಯಿತು.

ವಿದ್ಯಾವಂತನಿಗೆ ಹೆಚ್ಚು ಮತವಿರಲಿ ಎಂಬ ವಾದ ಬಲಗೊಂಡದ್ದು 19ನೆಯ ಶತಮಾನದಲ್ಲಿ, ಮತದಾನದ ಹಕ್ಕು ದುಡಿಯುವ ಜನರತ್ತ ಹರಡತೊಡಗಿದಾಗ. ಉದಾರವಾದಿ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅಂಥವರೂ ಪದವೀಧರರಿಗೆ ಒಂದಕ್ಕಿಂತ ಹೆಚ್ಚು ಮತವಿರಬೇಕೆಂದು ವಾದಿಸಿದರು. 1867-68ರ ಸುಧಾರಣೆಯಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಒಂದು ಸ್ಥಾನ, ಸ್ಕಾಟ್ಲೆಂಡಿನ ನಾಲ್ಕು ವಿಶ್ವವಿದ್ಯಾಲಯಗಳಿಗೆ ಸೇರಿ ಎರಡು ಸ್ಥಾನಗಳು ಬಂದವು. ಸಾಮಾನ್ಯ ಜನರಿಗೆ ಮತ ಕೊಡುವುದನ್ನೇ ಕಟುವಾಗಿ ವಿರೋಧಿಸಿದ್ದ ರಾಬರ್ಟ್ ಲೋ ಲಂಡನ್ ವಿಶ್ವವಿದ್ಯಾಲಯದ ಮೊದಲ ಪ್ರತಿನಿಧಿಯಾದರು ಎಂಬುದರಲ್ಲೇ ಕಾಲದ ಗಾಳಿ ತಿಳಿಯುತ್ತದೆ.

ಉತ್ತರ 2: ಮೂರನೆಯ ಬೆಂಚು

ಹುಳುವಿನವರ ವಿವರಣೆ ಸರಿಯಾಗಿದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಈ ಸ್ಥಾನಗಳ ಮೇಲೆ ಅನ್ಯಾಯವಾಗುತ್ತದೆ. ಅವುಗಳ ಕೊನೆಯ ಮೂವತ್ತು ವರ್ಷಗಳೇ ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳವು.

1918ರ ಜನಪ್ರಾತಿನಿಧ್ಯ ಕಾನೂನು ಪದವಿ ಪಡೆದ ಗಂಡಸರೆಲ್ಲರಿಗೂ, ಮೂವತ್ತು ತುಂಬಿದ ಹೆಂಗಸರಿಗೂ ಮತ ಕೊಟ್ಟಿತು. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಂ ಮುಂತಾದ ಹೊಸ ವಿಶ್ವವಿದ್ಯಾಲಯಗಳನ್ನು ಒಟ್ಟುಗೂಡಿಸಿ ಎರಡು ಸ್ಥಾನಗಳ ಒಂದು ಕ್ಷೇತ್ರ ಮಾಡಿತು. ವೇಲ್ಸ್‌ಗೂ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೂ ಒಂದೊಂದು ಸ್ಥಾನ ಕೊಟ್ಟು, ಸ್ಕಾಟ್ಲೆಂಡಿನದನ್ನು ಮೂರಕ್ಕೆ ಏರಿಸಿತು. ಐರ್ಲೆಂಡ್ ಬೇರೆಯಾದ ಮೇಲೆ ಒಟ್ಟು 12 ಸ್ಥಾನಗಳು ಉಳಿದವು. ಒಂದಕ್ಕಿಂತ ಹೆಚ್ಚು ಸ್ಥಾನಗಳಿದ್ದ ವಿಶ್ವವಿದ್ಯಾಲಯ ಕ್ಷೇತ್ರಗಳಲ್ಲಿ 1, 2, 3 ಎಂದು ಪ್ರಾಶಸ್ತ್ಯ ಗುರುತಿಸುವ ವರ್ಗಾವಣೆ ಮತದ ಪದ್ಧತಿ ಜಾರಿಗೆ ಬಂತು. ಪಕ್ಷದ ಬೆಂಬಲವಿಲ್ಲದ ಸ್ವತಂತ್ರರು ಗೆಲ್ಲಲು ಈ ಪದ್ಧತಿ ಅನುಕೂಲವಾಯಿತು.

ಎಲಿನರ್ ರಾತ್‌ಬೋನ್ ಅವರನ್ನೇ ನೋಡಿ. 1929ರಲ್ಲಿ ಇಂಗ್ಲಿಷ್ ಸಂಯುಕ್ತ ವಿಶ್ವವಿದ್ಯಾಲಯಗಳಿಂದ ಸ್ವತಂತ್ರರಾಗಿ ಗೆದ್ದ ಅವರು 1946ರಲ್ಲಿ ತೀರಿಕೊಳ್ಳುವವರೆಗೂ ಸದಸ್ಯರಾಗಿದ್ದರು. ಮಕ್ಕಳಿರುವ ಕುಟುಂಬಗಳಿಗೆ ಸರ್ಕಾರ ಭತ್ಯೆ ಕೊಡಬೇಕು, ಆ ಹಣ ತಾಯಿಯ ಕೈಗೇ ಹೋಗಬೇಕು ಎಂದು ಕಾಲು ಶತಮಾನ ಹೋರಾಡಿ, 1945ರಲ್ಲಿ ಅದು ಕಾನೂನಾಗುವುದನ್ನು ಕಂಡರು. 1941ರಲ್ಲಿ ಭಾರತೀಯರನ್ನು ಉದ್ದೇಶಿಸಿ ಅವರು ಬರೆದ ಬಹಿರಂಗ ಪತ್ರಕ್ಕೆ ಹಾಸಿಗೆ ಹಿಡಿದಿದ್ದ ರವೀಂದ್ರನಾಥ ಠಾಕೂರರು ಖಾರವಾದ ಉತ್ತರ ಕೊಟ್ಟದ್ದೂ ಇದೇ ರಾತ್‌ಬೋನ್ ಅವರಿಗೆ. ಎಲ್ಲ ವಿಷಯದಲ್ಲೂ ಅವರು ಸರಿಯಾಗಿದ್ದರೆಂದು ನಾನು ಹೇಳುತ್ತಿಲ್ಲ.

ಆಕ್ಸ್‌ಫರ್ಡ್‌ನಿಂದ 1935ರಲ್ಲಿ ಗೆದ್ದ ಎ. ಪಿ. ಹರ್ಬರ್ಟ್ ಹಾಸ್ಯಲೇಖಕರು. ವಿಶ್ವವಿದ್ಯಾಲಯದ ಅಭ್ಯರ್ಥಿ ಬೀದಿಗಿಳಿದು ಮತ ಕೇಳುವುದು ಶಿಷ್ಟಾಚಾರವಲ್ಲದ ಕಾರಣ, ಎಲ್ಲವನ್ನೂ ಒಂದು ಮುದ್ರಿತ ಪತ್ರದಲ್ಲಿ ಹೇಳಿ ಅಂಚೆಗೆ ಹಾಕಬೇಕಿತ್ತು. ಅವರ ಪತ್ರದಲ್ಲಿ ಕೃಷಿ ಎಂಬ ತಲೆಬರಹದ ಕೆಳಗೆ ಇದ್ದದ್ದು ತಮಗೆ ಕೃಷಿಯ ಬಗ್ಗೆ ಏನೂ ಗೊತ್ತಿಲ್ಲವೆಂಬ ಒಂದೇ ಮಾತು. ಹೀಗೆ ಬರೆದು ಗೆಲ್ಲಬಹುದಾದ ಕ್ಷೇತ್ರ ಜಗತ್ತಿನಲ್ಲಿ ಇನ್ನೊಂದು ಇತ್ತೇ? ಅದೇ ಹರ್ಬರ್ಟ್, ವ್ಯಭಿಚಾರದ ಹೊರತು ವಿಚ್ಛೇದನಕ್ಕೆ ಬೇರೆ ಆಧಾರವೇ ಇಲ್ಲದ ಕಾನೂನನ್ನು ಬದಲಿಸಿ, ತೊರೆದುಹೋಗುವುದು, ಕ್ರೌರ್ಯ, ವಾಸಿಯಾಗದ ಮತಿವಿಕಲತೆಗಳನ್ನೂ ಸೇರಿಸಿದ 1937ರ ಮಸೂದೆಯನ್ನು ಖಾಸಗಿ ಸದಸ್ಯರಾಗಿ ಮುನ್ನಡೆಸಿದರು. ಸಾಮಾನ್ಯ ಕ್ಷೇತ್ರದ ಸದಸ್ಯರು ಚರ್ಚುಗಳ ಸಿಟ್ಟಿಗೆ ಹೆದರಿ ಮುಟ್ಟದ ವಿಷಯ ಅದು. ಶರೀರವಿಜ್ಞಾನಿ ಎ. ವಿ. ಹಿಲ್, ಆಹಾರತಜ್ಞ ಜಾನ್ ಬಾಯ್ಡ್ ಆರ್ ಅವರೂ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳಾಗಿಯೇ ಸದನಕ್ಕೆ ಬಂದರು.

ಕಡತದ ಹುಳು

ಬೆಂಚಿನವರೇ, ತಾವು ಹೆಸರಿಸಿದವರ ಬಗ್ಗೆ ನನಗೂ ಗೌರವವಿದೆ. ಆದರೆ 1918ರಿಂದ 1950ರವರೆಗಿನ ಪಟ್ಟಿಯನ್ನು ಪೂರ್ತಿ ಓದಿದರೆ, ಅದರಲ್ಲಿ ಕನ್ಸರ್ವೇಟಿವ್ ಪಕ್ಷದವರೇ ತುಂಬಿದ್ದಾರೆ. ಲೇಬರ್ ಪಕ್ಷಕ್ಕೆ ಆ ಕ್ಷೇತ್ರಗಳು ಒಲಿಯಲೇ ಇಲ್ಲ. ಅದಕ್ಕಿಂತ ದೊಡ್ಡ ಆಕ್ಷೇಪವೆಂದರೆ ಪದವೀಧರನಿಗೆ ಎರಡು ಮತ: ವಾಸವಿರುವ ಊರಿನಲ್ಲಿ ಒಂದು, ವಿಶ್ವವಿದ್ಯಾಲಯಕ್ಕೆ ಇನ್ನೊಂದು. ಪಕ್ಕದ ಮನೆಯ ಗಣಿ ಕೆಲಸಗಾರನಿಗೆ ಒಂದೇ.

ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಲೇಬರ್ ಸರ್ಕಾರ 1931ರಲ್ಲಿ ಇವನ್ನು ರದ್ದು ಮಾಡಹೊರಟಾಗ ಆ ಪ್ರಸ್ತಾಪ ಅತ್ಯಲ್ಪ ಅಂತರದಿಂದ ಬಿದ್ದುಹೋಯಿತು. ಮುಂದಿನದು ಕಥೆಗಾರನಿಗೂ ಹೊಳೆಯದ ತಿರುವು. ತಮ್ಮ ಪಕ್ಷದಿಂದಲೇ ದೂರವಾದ ಮ್ಯಾಕ್‌ಡೊನಾಲ್ಡ್ 1935ರಲ್ಲಿ ಸೀಹ್ಯಾಂ ಕ್ಷೇತ್ರದಲ್ಲಿ ಸೋತು, 1936ರ ಆರಂಭದ ಉಪಚುನಾವಣೆಯಲ್ಲಿ ಸದನಕ್ಕೆ ಮರಳಿದ್ದು ಸ್ಕಾಟಿಷ್ ಸಂಯುಕ್ತ ವಿಶ್ವವಿದ್ಯಾಲಯಗಳ ಸ್ಥಾನದಿಂದ!

ಕೊನೆಗೆ ಲೇಬರ್ ಪಕ್ಷದ ಅಟ್ಲಿ ಸರ್ಕಾರದ 1948ರ ಕಾನೂನು ಎರಡನೆಯ ಮತವನ್ನೂ ವಿಶ್ವವಿದ್ಯಾಲಯದ ಸ್ಥಾನಗಳನ್ನೂ ಒಟ್ಟಿಗೇ ತೆಗೆದುಹಾಕಿತು. 1950ರ ಚುನಾವಣೆಯಿಂದ ಅವು ಇಲ್ಲವಾದವು. ಮರಳಿ ತರುತ್ತೇವೆಂದು ಹೇಳಿದ್ದ ಚರ್ಚಿಲ್ ಅವರ ಪಕ್ಷ 1951ರಲ್ಲಿ ಅಧಿಕಾರಕ್ಕೆ ಬಂದ ಮೇಲೆ ಆ ಮಾತನ್ನು ಎತ್ತಲಿಲ್ಲ. ಕೇಂಬ್ರಿಜ್‌ನ ಮಹಿಳೆಯರ ಪಾಡನ್ನೂ ಹೇಳಬೇಕು. ಪರೀಕ್ಷೆ ಪಾಸು ಮಾಡಿದರೂ ಅವರಿಗೆ ಪೂರ್ಣ ಪದವಿ ಕೊಡದ ಆ ವಿಶ್ವವಿದ್ಯಾಲಯಕ್ಕೆ ಅವರು 1918ರಿಂದ ಸಂಸತ್ ಸದಸ್ಯರನ್ನು ಆರಿಸಬಹುದಿತ್ತು, ಏಕೆಂದರೆ ಕಾನೂನು ಅವರಿಗಾಗಿ ವಿಶೇಷ ಅವಕಾಶ ಮಾಡಿತ್ತು. ಕೇಂಬ್ರಿಜ್ ಅವರನ್ನು ಪೂರ್ಣ ಪದವಿಗೆ ಸೇರಿಸಿಕೊಂಡದ್ದು 1948ರಲ್ಲಿ, ಕ್ಷೇತ್ರವೇ ರದ್ದಾದ ವರ್ಷ.

ಉತ್ತರ 3: ನೇರಳೆ ಪೆನ್ನು

ಕೊನೆಯ ಪ್ರಶ್ನೆಗೆ ನಾನು ಉತ್ತರಿಸಬಹುದು. ಪದವೀಧರ ಕ್ಷೇತ್ರದ ಮತ ಎಣಿಕೆಯ ಮೇಜಿನಲ್ಲಿ ಕುಳಿತು ಎದ್ದವನು ನಾನು.

ಬೇರು ಅದೇ, ಆದರೆ ಮರ ಬೇರೆಯಾಗಿದೆ. 1892ರ ಕೌನ್ಸಿಲ್ ಕಾಯ್ದೆಯ ನಿಯಮಗಳಂತೆ ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳ ಆಡಳಿತ ಸಭೆಗಳಾದ ಸೆನೆಟ್‌ಗಳು ಪ್ರಾಂತೀಯ ಶಾಸನ ಸಭೆಗೆ ಹೆಸರು ಸೂಚಿಸುತ್ತಿದ್ದವು. 1919ರ ಸುಧಾರಣೆಯ ನಂತರವೂ ವಿಶ್ವವಿದ್ಯಾಲಯಗಳಿಗೆ ಪ್ರಾಂತೀಯ ಸಭೆಗಳಲ್ಲಿ ಸ್ಥಾನಗಳಿದ್ದವು. ಶ್ಯಾಮಾಪ್ರಸಾದ್ ಮುಖರ್ಜಿಯವರು 1929ರಲ್ಲಿ ಬಂಗಾಳದ ಶಾಸನ ಸಭೆಯನ್ನು ಪ್ರವೇಶಿಸಿದ್ದು ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ. ಅಲ್ಲಿಯವರೆಗೆ ಅದು ಆಕ್ಸ್‌ಫರ್ಡ್ ಮಾದರಿಯೇ, ಸಂಸ್ಥೆಯ ಸ್ಥಾನ.

ಸಂವಿಧಾನದ 171ನೆಯ ವಿಧಿ ಇದನ್ನು ಬದಲಿಸಿತು. ವಿಧಾನ ಪರಿಷತ್ತಿನ ಹನ್ನೆರಡನೆಯ ಒಂದು ಭಾಗವನ್ನು ರಾಜ್ಯದಲ್ಲಿ ವಾಸಿಸುವ, ಪದವಿ ಪಡೆದು ಕನಿಷ್ಠ ಮೂರು ವರ್ಷವಾದವರು ಆರಿಸಬೇಕು. ಇನ್ನೊಂದು ಹನ್ನೆರಡನೆಯ ಭಾಗವನ್ನು ಪ್ರೌಢಶಾಲೆ ಮತ್ತು ಮೇಲಿನ ಹಂತದ ಶಿಕ್ಷಕರು ಆರಿಸಬೇಕು. ಕರ್ನಾಟಕದ 75 ಸದಸ್ಯರ ಪರಿಷತ್ತಿನಲ್ಲಿ ಪದವೀಧರ ಕ್ಷೇತ್ರಗಳು 7, ಶಿಕ್ಷಕರ ಕ್ಷೇತ್ರಗಳು 7. ಪದವಿ ಭಾರತದ ಯಾವ ವಿಶ್ವವಿದ್ಯಾಲಯದ್ದಾದರೂ ಆಗಬಹುದು; ವಾಸ ಎಲ್ಲಿ ಎಂಬುದಷ್ಟೇ ಮುಖ್ಯ. ಆದ್ದರಿಂದ ನಮ್ಮ ಪದವೀಧರ ಪ್ರತಿನಿಧಿ ಯಾವ ವಿಶ್ವವಿದ್ಯಾಲಯದ ವಕೀಲನೂ ಅಲ್ಲ. ಹುಳುವಿನವರು ಹೇಳಿದ 1603ರ ಕಾರಣ ನಮ್ಮಲ್ಲಿ ಪೂರ್ತಿ ಕಳಚಿಹೋಗಿ, ಮಿಲ್ ಅವರ ಕಾಲದ ಕಾರಣ ಮಾತ್ರ ಉಳಿದಿದೆ. ಅದೂ ಅರ್ಧ: ಅಭ್ಯರ್ಥಿಯು ಪದವೀಧರನೇ ಆಗಿರಬೇಕಿಲ್ಲವೆಂದು ಮದರಾಸಿನ ಪದವೀಧರ ಕ್ಷೇತ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಆರಿಸುವವರಿಗೆ ಪದವಿ ಬೇಕು, ಆಯ್ಕೆಯಾಗುವವರಿಗೆ ಬೇಡ.

ಇನ್ನು ಮತದಾರರ ಪಾಂಡಿತ್ಯದ ಬಗ್ಗೆ ನನ್ನ ಅನುಭವ. ಮತಗಟ್ಟೆಯಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ನು ಕೊಟ್ಟು, ಇದರಿಂದಲೇ ಬರೆಯಿರಿ, ಹೆಸರಿನ ಮುಂದೆ 1 ಎಂಬ ಅಂಕಿ ಹಾಕಿ, ಬೇಕಿದ್ದರೆ 2, 3 ಹಾಕಿ ಎಂದು ಹೇಳುತ್ತೇವೆ; ಗೋಡೆಯ ಮೇಲೂ ಅಂಟಿಸಿರುತ್ತೇವೆ. ಕನ್ನಡದ ೧ ಹಾಕಿದರೂ ಸಿಂಧು, ರೋಮನ್ ಅಂಕಿಯೂ ಸಿಂಧು; ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಅಸಿಂಧು. ಎಣಿಕೆಯ ದಿನ ಬಂಡಲ್ ಬಿಚ್ಚಿದರೆ ಒಂದರಲ್ಲಿ ಸರಿ ಗುರುತು, ಇನ್ನೊಂದರಲ್ಲಿ ಜೇಬಿನ ನೀಲಿ ಪೆನ್ನು, ಮತ್ತೊಂದರಲ್ಲಿ ಇಬ್ಬರಿಗೂ 1. ಒಬ್ಬ ಮಹಾಶಯರು 1 ಎಂದು ಬರೆದು ಪಕ್ಕದಲ್ಲಿ ಅಂದವಾಗಿ ಸಹಿ ಮಾಡಿ ಕೆಳಗೆ ಗೆರೆಯನ್ನೂ ಎಳೆದಿದ್ದರು. ಸಹಿ ಹಾಕಿ ಮತ ಕೊಡುತ್ತಿದ್ದ ಕಾಲದ ಆಕ್ಸ್‌ಫರ್ಡ್‌ನ ಮತದಾರರೇ ಇರಬೇಕೆಂದು ಇಂದು ಇದನ್ನು ಓದುವಾಗ ಅನ್ನಿಸಿತು. ಅಂದು ಮಾತ್ರ ತಿರಸ್ಕೃತ ಮತಗಳ ಡಬ್ಬಿಗೆ ಹಾಕಿದೆವು. ಸಿಂಧು ಮತಗಳ ಅರ್ಧಕ್ಕಿಂತ ಒಂದು ಹೆಚ್ಚು ಯಾರಿಗೂ ಮೊದಲ ಸುತ್ತಿನಲ್ಲಿ ಬರದಿದ್ದರೆ, ಕಡಿಮೆ ಮತ ಪಡೆದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಮತಪತ್ರಗಳ ಮುಂದಿನ ಪ್ರಾಶಸ್ತ್ಯವನ್ನು ಹಂಚುತ್ತ ಹೋಗಬೇಕು. ಬೆಳಗಿನ ಜಾವದವರೆಗೂ ಎಣಿಸಿದ್ದೇವೆ.

ಉತ್ತರ 4: ಹೆಬ್ಬಾಗಿಲು

ಐರ್ಲೆಂಡಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಅಲ್ಲಿ ಸಂಸ್ಥೆಯ ಸ್ಥಾನ ಇನ್ನೂ ಉಸಿರಾಡುತ್ತಿದೆ. ಸ್ವತಂತ್ರ ರಾಜ್ಯವಾದ ಮೇಲೆ ಕೆಳಮನೆಯಲ್ಲಿದ್ದ ವಿಶ್ವವಿದ್ಯಾಲಯ ಸ್ಥಾನಗಳನ್ನು 1936ರಲ್ಲಿ ರದ್ದುಪಡಿಸಿ, 1937ರ ಸಂವಿಧಾನದಲ್ಲಿ 60 ಸದಸ್ಯರ ಮೇಲ್ಮನೆಗೆ ಸಾಗಿಸಿದರು: ಟ್ರಿನಿಟಿಯ ಡಬ್ಲಿನ್ ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ 3. ಮುಂದೆ ರಾಷ್ಟ್ರಪತಿಯಾದ ಮೇರಿ ರಾಬಿನ್ಸನ್ ಅವರು 1969ರಿಂದ ಇಪ್ಪತ್ತು ವರ್ಷ ಟ್ರಿನಿಟಿಯ ಸ್ಥಾನದಲ್ಲಿದ್ದು, ಗರ್ಭನಿರೋಧಕಗಳ ಮಾರಾಟಕ್ಕೆ ಅವಕಾಶ ಕೊಡಬೇಕೆಂಬಂಥ, ಬೇರೆ ಸದಸ್ಯರು ಎತ್ತಲು ಹೆದರುತ್ತಿದ್ದ ವಿಷಯಗಳನ್ನು ಎತ್ತಿದರು. ಬೆಂಚಿನವರ ವಾದಕ್ಕೆ ಇದು ಬಲ ಕೊಡುತ್ತದೆ.

ಹುಳುವಿನವರ ವಾದಕ್ಕೆ ಬಲ ಕೊಡುವುದೂ ಅಲ್ಲೇ ಇದೆ. ಬೇರೆ ಸಂಸ್ಥೆಗಳ ಪದವೀಧರರಿಗೂ ಮತ ವಿಸ್ತರಿಸಬಹುದೆಂದು 1979ರಲ್ಲಿ ಜನಮತದ ಮೂಲಕ ಸಂವಿಧಾನ ತಿದ್ದಿದರು. ಆದರೆ ನಾಲ್ಕು ದಶಕ ಯಾವ ಸರ್ಕಾರವೂ ಕಾನೂನು ಮಾಡಲಿಲ್ಲ. ಲಿಮೆರಿಕ್ ವಿಶ್ವವಿದ್ಯಾಲಯದ ಪದವೀಧರರೊಬ್ಬರು ನ್ಯಾಯಾಲಯಕ್ಕೆ ಹೋದರು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹಳೆಯ ವ್ಯವಸ್ಥೆ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದಿತು. 2024ರ ಕಾನೂನು ಎರಡೂ ಕ್ಷೇತ್ರಗಳನ್ನು ಸೇರಿಸಿ, ಉನ್ನತ ಶಿಕ್ಷಣದ 6 ಸ್ಥಾನಗಳ ಒಂದೇ ಕ್ಷೇತ್ರ ಮಾಡಿದೆ. 2025ರ ಜನವರಿಯ ಚುನಾವಣೆ ಮಾತ್ರ ಹಳೆಯ ಪದ್ಧತಿಯಲ್ಲೇ ನಡೆಯಿತು.

ಪುಟ ತಿರುವುವವ

ಎಲ್ಲರಿಗೂ ಕೃತಜ್ಞತೆಗಳು. ನೇರಳೆ ಪೆನ್ನಿನವರಲ್ಲಿ ಇನ್ನೊಂದೇ ಸಂದೇಹ. ಹಿಂದಿನ ಸಲ ಪದವೀಧರ ಕ್ಷೇತ್ರದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮುಂದಿನ ಚುನಾವಣೆಗೂ ಅದು ಹಾಗೆಯೇ ಉಳಿದಿರುತ್ತದೆಯಲ್ಲವೇ?

ನೇರಳೆ ಪೆನ್ನು

ಉಳಿದಿರುವುದಿಲ್ಲ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿಯೇ ತಯಾರಿಸುತ್ತಾರೆ. ನವೆಂಬರ್ 1ನ್ನು ಅರ್ಹತಾ ದಿನಾಂಕವೆಂದು ಇಟ್ಟುಕೊಂಡು ಮೂರು ವರ್ಷಗಳ ಲೆಕ್ಕ ಹಾಕುತ್ತಾರೆ. ಪ್ರಕಟಣೆ ಬಂದ ಕೂಡಲೇ ನಮೂನೆ 18ನ್ನು ಮತ್ತೆ ತುಂಬಿ, ಪದವಿಯ ಪ್ರಮಾಣಪತ್ರದ ದೃಢೀಕೃತ ಪ್ರತಿಯೊಂದಿಗೆ ಕೊಡಿ.